ವಾರಕ್ಕೆ ಕೋಟಿಗಟ್ಲೆ ತಗೊಳೋ ಫುಟ್‌ಬಾಲರ್ಸು ಅಷ್ಟಕ್ಕೆ ತಕ್ಕಂಗೆ ಆಡ್ತಾರಾ?

ನಿದ್ದೆಗೆಟ್ಟವನು:
ರಾತ್ರಿ ಒಂದೂವರೆ ತನಕ ಮ್ಯಾಂಚೆಸ್ಟರ್ ಯುನೈಟೆಡ್ ಹಳೆ ಹೈಲೈಟ್ಸ್ ನೋಡ್ತಾ ಕೂತಿದ್ದೆ, ತಲೆ ಕೆಟ್ಟೋಯ್ತು. ಅಲೆಕ್ಸಿಸ್ ಸ್ಯಾಂಚೆಸ್ ನೆನಪಿದ್ಯಾ? 2018ರ ಜನವರಿಲಿ ಪಿಯಾನೋ ಬಾರಿಸ್ತಾ ವಿಡಿಯೋ ಬಿಟ್ಕೊಂಡು ಬಂದ, 7ನೇ ನಂಬರ್ ಜರ್ಸಿ ಕೊಟ್ರು, ವಾರಕ್ಕೆ 4 ಲಕ್ಷ ಪೌಂಡ್ ಹತ್ರ ಅಂತ ಪೇಪರ್‌ನಲ್ಲೆಲ್ಲ ಬಂತು, ಕೊನೆಗೆ 45 ಮ್ಯಾಚಲ್ಲಿ 5 ಗೋಲ್ ಹೊಡ್ದು ಇಟಲಿಯ ಇಂಟರ್ ಮಿಲಾನ್‌ಗೆ ಹೋದ. ಇದೆಂಥ ಲೆಕ್ಕ ಮಾರಾಯ್ರೇ?

ಗನ್ನರ್ ಹುಡುಗ:
ನಿಮ್ದೇ ವಾಸಿ ಗುರು, ಅವ್ನು ಆಡಾದ್ರೂ ಆಡ್ದ. ಅದೇ ಟೈಮಲ್ಲಿ ಓಜಿಲ್‌ಗೆ ವಾರಕ್ಕೆ ಮೂರೂವರೆ ಲಕ್ಷ ಪೌಂಡ್ ಅಂತ ಸುದ್ದಿ, 2020ರ ಮಾರ್ಚ್ ಆದ್ಮೇಲೆ ಆರ್ಸೆನಲ್‌ಗೆ ಒಂದು ಮ್ಯಾಚೂ ಆಡ್ಲಿಲ್ಲ, ಲೀಗ್‌ಗೆ ಕೊಡೋ 25 ಆಟಗಾರರ ಲಿಸ್ಟಿಂದಾನೇ ಬಿಟ್ರು, ಸಂಬಳ ಮಾತ್ರ ಬರ್ತಾನೇ ಇತ್ತು. ಆದ್ರೆ ತಪ್ಪು ಅವನ್ದಾ? ಕಾಂಟ್ರಾಕ್ಟ್ ಕೊಟ್ಟಿದ್ದು ಕ್ಲಬ್ಬು. ಆಫೀಸಲ್ಲಿ ಕೆಲ್ಸ ಕೊಡ್ದೆ ಸಂಬಳ ಹಾಕಿದ್ರೆ ನೀವು ವಾಪಸ್ ಕೊಡ್ತೀರಾ? ಅಂದಹಾಗೆ ಕ್ಲಬ್‌ನ ಮ್ಯಾಸ್ಕಾಟ್ ಆಗಿ ಡೈನೋಸಾರ್ ವೇಷ ಹಾಕ್ತಿದ್ದೋರ ಕೆಲ್ಸ ಹೋದಾಗ ಅವ್ರ ಸಂಬಳ ನಾನ್ ಕೊಡ್ತೀನಿ ಅಂದಿದ್ದೂ ಇವ್ನೇ.

ಕಾಫಿಪ್ರಿಯ:
ಸರ್, ವಾರದ ಲೆಕ್ಕ ಹಾಕ್ಬೇಡಿ. ರಿಯಲ್ ಮ್ಯಾಡ್ರಿಡ್‌ನ ಗ್ಯಾರೆತ್ ಬೇಲ್‌ನ ಅವ್ರ ಫ್ಯಾನ್ಸೇ ಎಷ್ಟು ಬೈದ್ರು, ಆದ್ರೆ 2018ರ ಚಾಂಪಿಯನ್ಸ್ ಲೀಗ್ ಫೈನಲಲ್ಲಿ ಬೆಂಚಿಂದ ಎದ್ದು ಬಂದವ್ನು ಮೂರೇ ನಿಮಿಷಕ್ಕೆ, ಗೋಲ್‌ಗೆ ಬೆನ್ನು ಹಾಕ್ಕೊಂಡು ಗಾಳೀಲಿ ಮಲ್ಕೊಂಡಂಗೆ ಒದ್ದ ನೋಡಿ, ಲಿವರ್‌ಪೂಲ್ ಕೀಪರ್ ಸುಮ್ನೆ ಕೈ ಎತ್ತಿದ್ದಷ್ಟೇ! ಆಮೇಲೆ ಇನ್ನೊಂದು. ಅದಕ್ಕೆ ಏನ್ ರೇಟ್ ಕಟ್ತೀರಾ?

ನಿದ್ದೆಗೆಟ್ಟವನು:
ಒಪ್ಪಿದೆ. ಆಮೇಲಿನ ವರ್ಷಗಳಲ್ಲಿ ಬೇಲ್‌ಗೆ ಫುಟ್‌ಬಾಲ್‌ಗಿಂತ ಗಾಲ್ಫೇ ಜಾಸ್ತಿ ಅಂತ ಬೈಸ್ಕೊಂಡಿದ್ರ ಬಗ್ಗೆ ಮಾತ್ರ ಮಾತಾಡಲ್ಲ ಅಲ್ವಾ ನೀವು 😄