ಫಸ್ಟ್ ಕಾಪಿ ಹನ್ನೆರಡು ಬ್ಯಾಗು: ಮನಿ ಗ್ರೂಪಿನ ಮಾತುಕತಿ

ವೈನಿ, ಕೇಶ್ವಾಪುರ: [12 ಫೋಟೊ] ಲೂಯಿ ವಿಟಾನ್, ಡಿಯೋರ್, ಶನೆಲ್ ಅನ್ನೂ ಫಾರಿನ್ ಕಂಪನಿ ಬ್ಯಾಗು. ಫಸ್ಟ್ ಕಾಪಿ, ಅಂದ್ರ ಅಸಲಿ ಹಂಗ ಮಾಡಿದ ನಕಲು, 7ಎ ಕ್ವಾಲಿಟಿ. ಒಂದಕ್ಕ 2,800. ಹತ್ತರ ಮ್ಯಾಲೆ ತಗೊಂಡ್ರ 2,200. ಡಬ್ಬಿ, ಡಸ್ಟ್ ಬ್ಯಾಗ್, ಕಾರ್ಡು, ಬಿಲ್ಲು ಎಲ್ಲಾ ಬರ್ತಾವಂತ. ಬೀಗರ ಹೆಣ್ಮಕ್ಕಳಿಗೆ ಕೊಡಾಕ ನಾಕು ಬೇಕು. ಉಳಿದ ಎಂಟು ಭಿಶಿ (ಚೀಟಿ) ಗುಂಪಿನ್ಯಾಗ 3,200ರಂಗ ಕೊಡ್ತೀನಿ. ಯಾರಿಗರೆ ಬೇಕಂದ್ರ ಹೇಳ್ರಿ.

ತಮ್ಮ, ರಾಣೆಬೆನ್ನೂರ: ವೈನಿ, 7ಎ ಅನ್ನೂದು ಯಾವ ಕಂಪನಿನೂ ಯಾವ ಸರಕಾರನೂ ಕೊಟ್ಟ ದರ್ಜೆ ಅಲ್ಲರಿ. ಮಾರಾವ್ರ ತಾವ ಇಟ್ಟ ಹೆಸರು. ಇನ್ನ ಕಾರ್ಡಿನ ಮಾತು. ಲೂಯಿ ವಿಟಾನ್ ತನ್ನ ಬ್ಯಾಗಿಗೆ ‘ಅಸಲಿ’ ಅನ್ನೂ ಕಾರ್ಡ್ ಕೊಡಂಗೇ ಇಲ್ಲ. ಮೊದಲ ಒಳಗ ಒಂದು ಕೋಡ್ ಒತ್ತತಿದ್ರು, 2021ರಿಂದ ಅದನ್ನ ಬಿಟ್ಟು ಚಿಪ್ ಕೂಡಸ್ತಾರ. ಅಂಥ ಕಾರ್ಡ್ ಬಂತು ಅಂದ್ರನ ಅದು ನಕಲಿ ಅಂತ ತಿಳೀರಿ.

ವೈನಿ, ಕೇಶ್ವಾಪುರ: ನಕಲಿ ಅನ್ನೂದು ನನಗೂ ಗೊತ್ತೈತಿ. ಲೆದರ್ ಮಾತ್ರ ಖರೇ ಅಂತ ಹೇಳ್ಯಾರ.

ತಮ್ಮ, ರಾಣೆಬೆನ್ನೂರ: ಮೂರನೇ ಫೋಟೊ ದೊಡ್ಡದ ಮಾಡಿ ನೋಡ್ರಿ. ಲೂಯಿ ವಿಟಾನಿನ ಅಸಲಿ ಮೊನೊಗ್ರಾಮ್ (ಹೆಸರಿನ ಅಕ್ಷರ ಒತ್ತಿದ) ಬ್ಯಾಗಿನ ಮೈ ಚರ್ಮನೇ ಅಲ್ಲ, ಪಿವಿಸಿ ಲೇಪ ಕೊಟ್ಟ ಹತ್ತಿ ಕ್ಯಾನ್ವಾಸು. ಹಿಡಿಕಿ, ಅಂಚಿನ ಪಟ್ಟಿ ಮಾತ್ರ ಹಸುವಿನ ಚರ್ಮ. ಅದು ಹೊಸದಿದ್ದಾಗ ತಿಳಿ ಬಣ್ಣ ಇದ್ದು, ಕೈ ಹತ್ತಿ ಬಿಸಲ ಬಡದಂಗ ಜೇನಿನ ಬಣ್ಣಕ್ಕ ತಿರಗತೈತಿ. ಈ ಫೋಟೊದಾಗ ಹಿಡಿಕಿ ಮೊದಲ ದಿನನೇ ಕಂದು ಐತಿ. ಪಿಯು ಮ್ಯಾಲೆ ಬಣ್ಣ ಬಳದಾರ.

ಪಿಯು ಅಂದ್ರ ಪಾಲಿಯುರೆಥೇನ್, ಬಟ್ಟಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪದರ. ಗಾಳಿಯಾಗಿನ ಪಸಿ ಒಳಗ ಹೊಕ್ಕು ಆ ಪದರದ ರಾಸಾಯನಿಕ ಕೊಂಡಿ ಕಡೀತೈತಿ. ಹಿಂಗಾಗಿ ಬಳಸದೇ ಕಪಾಟಿನ್ಯಾಗ ಇಟ್ಟರೂ ಎರಡು-ಮೂರು ಮಳಿಗಾಲಕ್ಕ ಹಪ್ಪಳ ಎದ್ದಂಗ ಎದ್ದು ಉದುರತೈತಿ. ಪ್ಲಾಸ್ಟಿಕ್ ಚೀಲದಾಗ ಕಟ್ಟಿಟ್ಟರಂತೂ ಪಸಿ ಒಳಗ ಕುಂತು ಇನ್ನೂ ಲಗೂ. ಚರ್ಮ ಒಣಗಿದ್ರ ಎಣ್ಣಿ ತಿಕ್ಕಿ ಉಳಸಬಹುದು. ಸುಲದ ಪಿಯುಗೆ ಯಾವ ಚಮಗಾರನ ಹತ್ರನೂ ಔಷಧಿಲ್ಲ, ಹೊಲಿಗಿ ಹಿಡಿಯಾಕ ಅಲ್ಲಿ ಏನೂ ಉಳದಿರಂಗಿಲ್ಲ.

ಮೊದಲ ಕೈ ಕೊಡೂದು ಪಟ್ಟಿ ಕೂಡೂ ಜಾಗಾ. ಒಳಗ ಬಲ ಕೊಡೂ ಇನ್ನೊಂದು ತುಂಡು ಇಟ್ಟಿರಂಗಿಲ್ಲ, ಅಂಟು ಹಚ್ಚಿ ಎರಡು ರಿವೀಟ್ ಹೊಡದಿರ್ತಾರ. ಕೊಂಡಿ ಜಿಂಕಿನ ಎರಕ. ಹಿತ್ತಾಳಿ ಆದ್ರ ಬಾಗತೈತಿ, ಇದು ಕಟ್ ಅಂತ ಮುರೀತೈತಿ. ಮ್ಯಾಲಿನ ಬಂಗಾರದ ಬಣ್ಣ ಹ್ವಾದ ಮ್ಯಾಲೆ ಅಡಿಯಾಗಿನ ನಿಕ್ಕಲ್ ಕೆಲವರಿಗೆ ತುರಿಕಿ ಎಬ್ಬಸತೈತಿ.

ತಂಗಿ, ವಿದ್ಯಾಗಿರಿ: ಅಣ್ಣಾ, 2,200ಕ್ಕ ಎರಡು ವರ್ಷ ಬಂದ್ರ ಸಾಕಲ್ಲ? ಒರಿಜಿನಲ್ ಲಕ್ಷದ ಮ್ಯಾಲೆ. ಮತ್ತ ಆ ಕಂಪನಿಗಳನ್ನ ಸಂಭಾವಿತರು ಅಂತ ತಿಳೀಬ್ಯಾಡ್ರಿ. 2024ರ ಜೂನ್‌ದಾಗ ಮಿಲಾನಿನ ಕೋರ್ಟು ಡಿಯೋರ್‌ದ ಇಟಲಿ ತಯಾರಿಕಾ ಕಂಪನಿ ಮ್ಯಾಲೆ ಆಡಳಿತಾಧಿಕಾರಿನ ಕೂಡಸ್ತು. ಉಪಗುತ್ತಿಗಿ ವರ್ಕ್‌ಶಾಪಿಗೆ ಒಂದು ಬ್ಯಾಗ್ ಕೂಡಸಾಕ ಕೊಟ್ಟದ್ದು 53 ಯುರೋ, ಚರ್ಮದ ಖರ್ಚು ಬ್ಯಾರೆ. ಅಂಗಡ್ಯಾಗ ಅದ ಬ್ಯಾಗಿಗೆ ಸುಮಾರು 2,600 ಯುರೋ. ಇಂಥವ್ರಿಗೆ ಲುಕ್ಸಾನ ಆಗತೈತಿ ಅಂತ ನಾವ್ಯಾಕ ಮರಗಬೇಕು?

ಕಾಕಾ, ಧಾರವಾಡ: ಆ ಪ್ರಕರಣ ಖರೇ ಅದವಾ, ಸಣ್ಣದೂ ಅಲ್ಲ. ಆದರ ಅಲ್ಲಿ ಕೋರ್ಟಿಗೆ ಹಿಡೀಲಿಕ್ಕೆ ಒಂದು ಹೆಸರು, ಒಂದು ವಿಳಾಸ ಇತ್ತು. ಈ ಹನ್ನೆರಡು ಬ್ಯಾಗು ಹೊಲದವರು ಯಾರು, ಎಷ್ಟು ವಯಸ್ಸಿನವರು, ದಿನಕ್ಕೆ ಎಷ್ಟು ತಾಸು ಕುಂತಿದ್ರು ಅಂತ ಯಾರನ್ನ ಕೇಳ್ತಿ?

ಈಗ ಕಾಯದೆ. 1999ರ ಟ್ರೇಡ್ ಮಾರ್ಕ್ಸ್ ಕಾಯದೆ, ಕಲಂ 103 ಮತ್ತು 104. ಸುಳ್ಳು ಮುದ್ರೆ ಹಚ್ಚೋದು, ಅಂಥ ಮಾಲು ಮಾರೋದು, ಮಾರಲಿಕ್ಕೆ ಅಂತ ಇಟ್ಟುಕೊಳ್ಳೋದು, ಎಲ್ಲಾ ಅಪರಾಧ. 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಸ್ವಂತಕ್ಕೆ ಒಂದು ಕೊಂಡವರು ಈ ಕಲಮಿನೊಳಗ ಬರೋದಿಲ್ಲ. ಭಿಶಿಯೊಳಗ 3,200ಕ್ಕೆ ಕೊಡೋವರು ಬರ್ತಾರ.

ವೈನಿ, ಕೇಶ್ವಾಪುರ: ಮಾವಾರ, ಪ್ಯಾಟ್ಯಾಗ ರಾಜಾರೋಷ ಮಾರಾಕತ್ತಾರಲ್ರಿ. ಎಂಟು ಬ್ಯಾಗಿಗೆ ಯಾರು ಬರ್ತಾರ?

ಕಾಕಾ, ಧಾರವಾಡ: ಬರಲಿಕ್ಕಿಲ್ಲ. ಈ ಕಲಮಿನೊಳಗ ಜಪ್ತಿಗೆ ಡಿವೈಎಸ್ಪಿ ದರ್ಜೆಯವರು ಬೇಕು, ಅದಕ್ಕೂ ಮೊದಲು ಟ್ರೇಡ್ ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ತಗೋಬೇಕು. ಆದರ ಒಂದು ಮಾತು ಲಕ್ಷ್ಯದಾಗ ಇಡು. 104ರೊಳಗ ಮಾರಿದವರಿಗೆ ತಪ್ಪಿಸಿಕೊಳ್ಳೋ ದಾರಿಗಳೊಳಗ ಒಂದು ಇದು: ‘ಸಾಕಷ್ಟು ಎಚ್ಚರ ವಹಿಸಿದ್ದೆ, ನಕಲಿ ಅಂತ ಸಂಶಯನೇ ಬರಲಿಲ್ಲ’ ಅಂತ ಸಿದ್ಧ ಮಾಡಬೇಕು. ‘ಫಸ್ಟ್ ಕಾಪಿ’ ಅಂತ ನೀನೇ ಇಲ್ಲಿ ಬರದ ಮ್ಯಾಲೆ ಆ ದಾರಿ ಮುಚ್ಚಿಹೋತು. ಬಿಲ್ಲು ತೋರಿಸಿ ಅಸಲಿ ಅಂತ ಮಾರಿದರ ಭಾರತೀಯ ನ್ಯಾಯ ಸಂಹಿತೆಯ 318, ಅಂದರ ವಂಚನೆ, ಅದೂ ಕೂಡತದ.

ಫ್ರಾನ್ಸಿನೊಳಗ ನಕಲಿ ಬ್ಯಾಗ್ ಹತ್ತಿರ ಇಟ್ಟುಕೊಳ್ಳೋದೇ ಕಸ್ಟಮ್ಸ್ ಅಪರಾಧ. ಇಟಲಿಯೊಳಗ ಕೊಂಡವರಿಗೇ 300ರಿಂದ 7,000 ಯುರೋ ದಂಡ. ಆ ಕಡೆ ಹೋಗೋವರು ಇಂಥದ್ದನ್ನ ಹೆಗಲಿಗೆ ಹಾಕ್ಕೊಂಡು ಇಳೀಬಾರದು.

ಚಿಗವ್ವ, ಗದಗ: ಕಾಯದೆ ಇರಲಿ. ಕಸೂತಿ ಸೀರಿ ಕೊಳ್ಳಾಕ ಹ್ವಾದ್ರ ನಾವು ಮೊದಲ ಏನ್ ಮಾಡ್ತೀವಿ? ಸೆರಗ ತಿರವಿ ಹಾಕಿ ನೋಡ್ತೀವಿ. ಗವಂತಿ, ಮುರ್ಗಿ ಹೊಲಿಗಿ ಕೈಲೆ ಎಳಿ ಎಣಿಸಿ ಹಾಕಿದ್ರ ಎರಡೂ ಬಾಜೂ ಒಂದ ನಮೂನಿ ಕಾಣತೈತಿ, ಗಂಟು ಇರಂಗಿಲ್ಲ. ಮಶೀನಿಂದು ಹಿಂದ ಬಾಬಿನ್ ದಾರ, ಅಂಟಿಸಿದ ಕಾಗದದ ಚೂರು. ಪ್ರಿಂಟಿಂದು ಹಿಂದ ಮಾಸಲು. ಆ ಪ್ರಿಂಟನ್ನ ಕಸೂತಿ ಅಂತ ಯಾರರ ಮಾರಿದ್ರ ನಮಗ ಹೊಟ್ಟಿ ಉರೀತೈತಿಲ್ಲ? ಮುರ್ಗಿ ಹಾಕಾಕಿ ಕಣ್ಣು ಸೋಸಿ ವಾರಗಟ್ಟಲೆ ಕುಂತಿರ್ತಾಳ.

2025ರಾಗ ಇಟಲಿಯ ಪ್ರಾಡಾ ಕಂಪನಿಯವ್ರು ಮಿಲಾನಿನ ಫ್ಯಾಶನ್ ಶೋದಾಗ ಕೊಲ್ಹಾಪುರಿ ಚಪ್ಪಲಿ ತೋರಿಸಿ ಹೆಸರ ಹೇಳಲಿಲ್ಲ. ಆ ಚಪ್ಪಲಿಗೆ 2019ರಾಗ ಜಿಐ (ಊರಿನ ಹೆಸರಿನ ಹಕ್ಕಿನ ಗುರುತು) ಸಿಕ್ಕಿದ್ದು ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ನಾಕು ಜಿಲ್ಲಾ ಸೇರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡ. ಎಲ್ಲಾರೂ ಗದ್ದಲ ಮಾಡಿದ ಮ್ಯಾಲೆ ‘ಅಲ್ಲಿಂದನ ಸ್ಫೂರ್ತಿ’ ಅಂತ ಒಪ್ಪಿದ್ರು. ಅವಾಗ ಹೆಸರಿಗೆ ಬೆಲಿ ಐತಿ ಅಂದ್ವಿ. ಇವತ್ತ ಇಲ್ಲ ಅನ್ನಾಕ ನನ್ನ ಬಾಯಿ ಬರವಲ್ದು.

ತಂಗಿ, ವಿದ್ಯಾಗಿರಿ: ಚಿಗವ್ವಾ, ಎರಡೂ ಒಂದ ತಕ್ಕಡ್ಯಾಗ ಇಡಬ್ಯಾಡ. ಅಲ್ಲಿ ದೊಡ್ಡ ಕಂಪನಿ ಚಮಗಾರರ ಕೈಯಾಗಿಂದು ತಗೊಂತು. ಇಲ್ಲಿ ನಾವು ಜಗತ್ತಿನ ಶ್ರೀಮಂತರ ನಕಾಶಿ ತಗೊಳ್ಳಾಕತ್ತೀವಿ.

ಚಿಗವ್ವ, ಗದಗ: ತೂಕ ಬ್ಯಾರೆ, ಒಪ್ಪತೀನಿ. ಆದ್ರ ನಾಕು ಬ್ಯಾಗು ಹೊಂಟಿದ್ದು ಬೀಗರ ಮನಿಗೆ. ಡಬ್ಬಿ, ಸುಳ್ಳು ಬಿಲ್ಲು ಇಟ್ಟು ಕೊಟ್ಟರ ಅವರು ಅಸಲಿ ಅಂತನ ತಿಳೀತಾರ. ಆ ಹುಡುಗಿ ನಾಳೆ ದುರಸ್ತಿಗಂತ ಬೆಂಗಳೂರಿನ ಅಂಗಡಿಗೆ ಒಯ್ದಳು ಅಂದ್ರ? ಮಂದ್ಯಾಗ ತಲಿ ತಗ್ಗಸಾಕಿ ಅಕಿ.

ತಂಗಿ, ವಿದ್ಯಾಗಿರಿ: ಬಿಲ್ಲಿನ ವಿಷಯದಾಗ ನಾನೂ ನಿನ್ನ ಬಾಜೂನೇ. ಸುಳ್ಳು ಹೇಳಿ ಕೊಡೂದು ತಪ್ಪು. ಗೊತ್ತಿದ್ದು ತನಗಂತ ಕೊಂಡವ್ರನ್ನ ಕಳ್ಳರು ಅನ್ನೂದಕ್ಕ ಮಾತ್ರ ನಾ ಒಪ್ಪಂಗಿಲ್ಲ.

ತಮ್ಮ, ರಾಣೆಬೆನ್ನೂರ: ಕೊಡಾಕ ಬೇಕಂದ್ರ 2,200ರಾಗ ಹೆಸರಿಲ್ಲದ ಖರೇ ಚರ್ಮದ ಸಣ್ಣ ಬ್ಯಾಗ್ ಸಿಗ್ತಾವ ವೈನಿ. ಬಣ್ಣ ಬಳಿಯದ ಕಡಿದ ಅಂಚು ಎಲ್ಲೆರ ಐತೇನ ನೋಡ್ರಿ, ನಾರು ನಾರು ಕಾಣಬೇಕು. ಬಟ್ಟಿ ಎಳಿ ಕಂಡ್ರ ಪಿಯು.

ಚಿಗವ್ವ, ಗದಗ: ಇಲ್ಲಾಂದ್ರ ಗುಳೇದಗುಡ್ಡ ಖಣದ ಬ್ಯಾಗು ಹೊಲಿಸಿ ಕೊಡು. ಒಂದಕ್ಕ ಮುಕ್ಕಾಲು ಮೀಟರ್ ಖಣ, ಅಷ್ಟ ದಪ್ಪ ಕ್ಯಾನ್ವಾಸ್ ಅಸ್ತರ. ಅಸ್ತರದ ಬಟ್ಟಿ ಮೊದಲ ನೀರಾಗ ನೆನಸಿ ಒಣಗಸಬೇಕು, ಇಲ್ಲಂದ್ರ ಮುಂದ ಅದು ಕುಗ್ಗಿ ಖಣ ಜೋತು ಬೀಳತೈತಿ.

ವೈನಿ, ಕೇಶ್ವಾಪುರ: ನಾ ಆಗಲೇ 5,000 ಅಡ್ವಾನ್ಸ್ ಹಾಕೇನ್ರಿ. ಯುಪಿಐ.

ಕಾಕಾ, ಧಾರವಾಡ: ಫೋನ್ ಮಾಡಬ್ಯಾಡ. ‘ಆರ್ಡರ್ ರದ್ದು, ರೊಕ್ಕ ವಾಪಸ್ ಹಾಕ್ರಿ’ ಅಂತ ಬರದು ಕಳಸು. ಪ್ರೊಫೈಲ್, ನಂಬರ್, ಯುಪಿಐ ಐಡಿ, ಮಾತುಕತಿ ಎಲ್ಲಾದರ ಸ್ಕ್ರೀನ್‌ಶಾಟ್ ಈಗಲೇ ತಗೊ, ಅವರು ಬ್ಲಾಕ್ ಮಾಡಿದ ಮ್ಯಾಲೆ ಕೆಲವು ಕಾಣೋದಿಲ್ಲ. ಬ್ಲಾಕ್ ಮಾಡಿದರ ಆ ಗಳಿಗೆಯೊಳಗ 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಹಚ್ಚು, ಬ್ಯಾಂಕಿಗೂ ತಿಳಿಸು. ರೊಕ್ಕ ಇನ್ನೊಂದು ಖಾತೆಗೆ ಹಾರೋದರೊಳಗ ತಡೀಬೇಕು.

ತಮ್ಮ, ರಾಣೆಬೆನ್ನೂರ: ‘ರಿಫಂಡ್ ಸಲುವಾಗಿ ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ’ ಅಂದ್ರ ಮುಟ್ಟಬ್ಯಾಡ್ರಿ. ರೊಕ್ಕ ಬರಾಕ ಪಿನ್ ಬೇಕಾಗಂಗಿಲ್ಲ, ಹೋಗಾಕ ಅಷ್ಟ ಬೇಕು. 12 ಅಂಕಿ ಯುಟಿಆರ್, ಅಂದ್ರ ರೊಕ್ಕ ಹಾಕಿದ್ದರ ಗುರ್ತಿನ ನಂಬರ್, ಬರದಿಟ್ಕೊರಿ.

ವೈನಿ, ಕೇಶ್ವಾಪುರ: ಅದು ಎಲ್ಲಿರ್ತೈತಿ?

ತಮ್ಮ, ರಾಣೆಬೆನ್ನೂರ: ಆ್ಯಪಿನ್ಯಾಗ ಹಿಸ್ಟರಿ ತಗೀರಿ, ಆ 5,000ದ ಮ್ಯಾಲೆ ಒತ್ತಿದ್ರ ಕೆಳಗ ಬರತೈತಿ. ಅದರದೂ ಒಂದು ಸ್ಕ್ರೀನ್‌ಶಾಟ್ ತಗೊಂಡು ನನಗ ಒಬ್ಬಂಗ ಕಳಸ್ರಿ, ಗ್ರೂಪಿನ್ಯಾಗ ಹಾಕಬ್ಯಾಡ್ರಿ.