ಸಹಾಯ ಬೇಕು: ಸ್ತನದ ಇಂಪ್ಲಾಂಟ್ ತೆಗೆಸುವಾಗಲೇ ಲಿಫ್ಟ್ (ಇಳಿದ ಸ್ತನವನ್ನು ಮೇಲೆತ್ತೋ ಆಪರೇಷನ್) ಮಾಡಿಸೋದಾ? (ದಾವಣಗೆರೆ)

ನಮಸ್ಕಾರ. ನಮ್ಮ ಅಕ್ಕನ ಪರವಾಗಿ ಕೇಳ್ತಿದ್ದೀನಿ. ವಯಸ್ಸು 41, ಸಿಲಿಕಾನ್ ಇಂಪ್ಲಾಂಟ್, 325 ಸಿಸಿ, ಸ್ನಾಯುವಿನ ಮೇಲೆ ಇಟ್ಟದ್ದು. ಟೇಪು ಹಿಡಿದು ಅಳೆದಾಗ ಕತ್ತಿನ ಗುಳಿಯಿಂದ ತೊಟ್ಟಿಗೆ 26 ಸೆಂ.ಮೀ., ತೊಟ್ಟು ಸ್ತನದ ಕೆಳಮಡಿಕೆಗಿಂತ 2 ಸೆಂ.ಮೀ. ಕೆಳಗಿದೆ. ಇಷ್ಟು ಇಳಿದದ್ದು ಬರೀ ಇಂಪ್ಲಾಂಟ್ ತೆಗೆದರೆ ತಾನಾಗಿ ಮೇಲೇರಲ್ಲ. ಲಿಫ್ಟ್ ಆಕಾರ ಕೊಡುತ್ತೆ, ಗಾತ್ರ ಕೊಡಲ್ಲ. ಅದು ಅಕ್ಕನಿಗೆ ಗೊತ್ತು.

ನಮ್ಮ ಚಿಂತೆ ರಕ್ತಸಂಚಾರದ್ದು. ಇಂಪ್ಲಾಂಟ್ ಒತ್ತಿ ಒತ್ತಿ ಒಳಗಿನ ಅಂಗಾಂಶ ತೆಳುವಾಗಿರುತ್ತೆ. ಕ್ಯಾಪ್ಸೂಲನ್ನೂ (ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಂಡ ಪೊರೆ) ಪೂರ್ತಿ ಬಿಡಿಸಿ, ಅದೇ ದಿನ ತೊಟ್ಟನ್ನೂ ಮೇಲಕ್ಕೆ ಸರಿಸಿದರೆ ತೊಟ್ಟಿಗೆ ರಕ್ತ ಸಾಲದೆ ಕಪ್ಪಾಗಬಹುದು. ಚರ್ಮ ಚಿವುಟಿದರೆ ಕಾಗದದ ಹಾಗೆ ಸಿಗೋರಿಗೆ ಮೊದಲು ತೆಗೆದು, 3ರಿಂದ 6 ತಿಂಗಳು ಚರ್ಮ ಕುಗ್ಗಲು ಬಿಟ್ಟು, ಆಮೇಲೆ ಲಿಫ್ಟ್ ಮಾಡೋದೇ ಕ್ಷೇಮ ಅನಿಸುತ್ತೆ. ಎರಡು ಸಲ ಅನಸ್ತೇಶಿಯಾ, ಎರಡು ಸಲ ಖರ್ಚು, ಅದೂ ನಿಜ. ತಂಬಾಕೂ ರಕ್ತಸಂಚಾರ ಕೆಡಿಸುತ್ತೆ, ಹಾಗಾಗಿ ಎಲೆಅಡಿಕೆ ಜೊತೆ ಅದನ್ನು ಹಾಕೋದನ್ನು ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲೇ ಬಿಡಿಸಬೇಕು. ಇದನ್ನು ಯಾರೂ ಕೇಳಲ್ಲ, ನಾವೂ ಹೇಳಲ್ಲ!

ಬೇಕಾದದ್ದು ಇಷ್ಟು: ಆಪರೇಷನ್ ಬೆಂಗಳೂರಲ್ಲಾದರೆ ಡ್ರೈನ್ (ಗಾಯದೊಳಗಿನ ನೀರು ಹೊರಹಾಕೋ ನಳಿಕೆ) ತೆಗೆಯೋಕೆ, ಹೊಲಿಗೆ ನೋಡೋಕೆ ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಎಂಸಿಎಚ್ (ಸರ್ಜರಿಯ ಉನ್ನತ ಪದವಿ) ಮಾಡಿದ ಪ್ಲಾಸ್ಟಿಕ್ ಸರ್ಜನ್ ಯಾರಾದರೂ ಒಪ್ಪುತ್ತಾರಾ? ಇಂಪ್ಲಾಂಟ್ ಕಾರ್ಡ್ (ಯಾವ ಕಂಪನಿ, ಯಾವ ಮಾದರಿ ಅಂತ ಬರೆದ ಚೀಟಿ) ಕಳೆದಿದೆ, ಮೇಲ್ಮೈ ಒರಟೋ ನುಣುಪೋ ತಿಳಿಯದು. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಒರಟು ಇಂಪ್ಲಾಂಟನ್ನು, ಅದರ ಸುತ್ತ ಅಪರೂಪದ ಕ್ಯಾನ್ಸರ್ ಬರುವ ಅಪಾಯ ಇದೆ ಅಂತ ವಾಪಸ್ ಪಡೆದದ್ದು ಗೊತ್ತಲ್ಲ, ಅದಕ್ಕೇ ಕ್ಯಾಪ್ಸೂಲನ್ನು ಬಯಾಪ್ಸಿಗೆ ಕಳಿಸುವ ಲ್ಯಾಬ್ ಹತ್ತಿರದಲ್ಲಿದ್ದರೆ ಅದನ್ನೂ ತಿಳಿಸಿ. ಹೆಸರುಗಳನ್ನು ಇನ್‌ಬಾಕ್ಸಿಗೆ ಹಾಕಿ.