ಅಜ್ಜನ ಕಾಲದ ಭಾಗದ ಕೇಸಿನ ತೀರ್ಪು ಬೇಕು, ಯಾವ ಕೋರ್ಟಿನಲ್ಲಿ ಹುಡುಕಲಿ?

ಪ್ರಶ್ನೆ: ಮೇಲುಕೋಟೆ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲೂಕು, ಮೇಲುಕೋಟೆ ಹೋಬಳಿಯ ಒಂದು ಸಣ್ಣ ಊರು. ನಾಲೆ ನೀರು ಬಾರದ ಕಡೆ. ಮಳೆ ಬಂದರೆ ರಾಗಿ, ಅವರೆ, ಹುರುಳಿ. ಮೊಬೈಲ್ ಸಿಗ್ನಲ್ ಬೇಕು ಅಂದರೆ ಊರ ಹಿಂದಿನ ಬಂಡೆ ಹತ್ತಬೇಕು. ಇದನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ.

ನಮ್ಮಜ್ಜ ಮತ್ತು ಅವರ ಇಬ್ಬರು ಅಣ್ಣತಮ್ಮಂದಿರ ನಡುವೆ ಭಾಗದ ಕೇಸು ನಡೆದಿತ್ತು. ಕೇಸು ಹಾಕಿದ್ದು ದೊಡ್ಡಜ್ಜ. ಮೂರು ಜನಕ್ಕೂ ಸಮ ಪಾಲು ಅಂತ ತೀರ್ಪಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಪಹಣಿ ತೆಗೆಸಿದರೆ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ. ಅಪ್ಪ ತೀರಿಕೊಂಡು 4 ವರ್ಷ ಆಯಿತು. ಅಮ್ಮ ಮತ್ತು ನಾನು ಖಾತೆ ಮಾಡಿಸಲು ಹೋದರೆ ಕೋರ್ಟ್ ಡಿಕ್ರಿ ತನ್ನಿ ಅಂದರು. ಖಾತೆ ಇಲ್ಲ ಅಂತ ಬೆಳೆ ಸಾಲವೂ ಸಿಗುತ್ತಿಲ್ಲ.

ಕೈಯಲ್ಲಿರುವುದು ಒಂದೇ ಕಾಗದ. ಅಜ್ಜಿಯ ಟ್ರಂಕಿನ ತಳದಲ್ಲಿ ಸಿಕ್ಕಿತು. ಕೋರ್ಟಿನಿಂದ ಬಂದ ಸಮನ್ಸ್ ಇರಬೇಕು. ಗೆದ್ದಲು ಹಿಡಿದು ಅರ್ಧ ಹೋಗಿದೆ. ಓ.ಎಸ್. ಅಂತ ಇದೆ, ಸಿವಿಲ್ ಕೋರ್ಟಿನ ಮೂಲ ದಾವೆಗೆ ಹಾಗೆ ಬರೆಯುತ್ತಾರಂತೆ. ನಂಬರ್ ಇರಬೇಕಾದ ಜಾಗದಲ್ಲೇ ತೂತು. ಆಮೇಲೆ ಓರೆಗೆರೆ, 82 ಅಂತ ಕಾಣುತ್ತದೆ. ಕೆಳಗೆ ಮುನ್ಸಿಫ್ ಅನ್ನೋದು ಓದಬಹುದು, ಊರಿನ ಹೆಸರು ಇಲ್ಲ. ಅಜ್ಜಿಗೆ ಈಗ 86 ವರ್ಷ. "ನಿಮ್ಮಜ್ಜ ಪಟ್ಣದ ಕೋರ್ಟಿಗೆ ಹೋಗೋರು, ನಾನೇ ಬುತ್ತಿ ಕಟ್ಟಿಕೊಡ್ತಿದ್ದೆ" ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಅವರಿಗೆ ನೆನಪಿಲ್ಲ.

ನಾನು ಎರಡು ಸಲ ಮಂಡ್ಯಕ್ಕೆ ಹೋಗಿ ಬಂದೆ. ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಹೆಸರು ಹೇಳಿದೆ, ಊರು ಹೇಳಿದೆ, ನಂಬರ್ ತನ್ನಿ ಅಂದರು. ಹೊರಗೆ ಒಬ್ಬರು ಸಿಕ್ಕಿ 6,000 ಕೊಟ್ಟರೆ ಕಾಗದ ತೆಗೆಸಿಕೊಡುತ್ತೇನೆ ಅಂದರು. ನನಗೆ ನಂಬಿಕೆ ಬರಲಿಲ್ಲ, ಕೊಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದಾ? ಕೇಸಿನಲ್ಲಿ ನನ್ನ ಹೆಸರೇ ಇಲ್ಲವಲ್ಲ, ನನಗೆ ಕೊಡುತ್ತಾರಾ? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ಮದ್ದೂರಿನ ವಕೀಲ

ಮೊದಲು ಆ ಬಂಡೆ ಮೇಲೆ ಕೂತೇ ಒಂದು ಸಲ ಹುಡುಕಿ ನೋಡಿ. ಇ-ಕೋರ್ಟ್ಸ್ ಸರ್ವೀಸಸ್ ಅಂತ ಆ್ಯಪ್ ಇದೆ, ಪುಕ್ಕಟೆ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಪಾರ್ಟಿ ಹೆಸರು, ವರ್ಷ ಹಾಕಬೇಕು. ಒಂದು ಸಂಕೀರ್ಣದಲ್ಲಿ ಹುಡುಕಿದರೆ ಪಕ್ಕದ ತಾಲೂಕಿನ ಕೇಸು ಬರುವುದಿಲ್ಲ. ವಿಲೇವಾರಿ ಆದ ಕೇಸು ಎಂಬುದನ್ನು ಮರೆಯದೆ ಒತ್ತಿ. ಹೆಸರಿನ ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಗೌಡ ಅನ್ನುವುದನ್ನೇ ಡಬ್ಲ್ಯು ಹಾಕಿ ಒಮ್ಮೆ, ಯು ಹಾಕಿ ಒಮ್ಮೆ ನೋಡಬೇಕು. ಆದರೆ 1982ರ ಕೇಸು ಅದರಲ್ಲಿ ಸಿಗದಿದ್ದರೆ ಹೆದರಬೇಡಿ. ಇ-ಕೋರ್ಟ್ಸ್ ಯೋಜನೆ ಶುರುವಾದದ್ದೇ 2007ರಲ್ಲಿ. ಅದಕ್ಕೆ ಮುಂಚೆ ಮುಗಿದ ಎಷ್ಟೋ ಕೇಸು ಇನ್ನೂ ಪುಸ್ತಕದಲ್ಲೇ ಇವೆ.

ಮಾಹಿತಿ ಹಕ್ಕಿನ ಅರ್ಜಿ ಬೇಡ. ಗುಜರಾತ್ ಹೈಕೋರ್ಟಿಗೆ ಸಂಬಂಧಪಟ್ಟ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಇದನ್ನು ತೀರ್ಮಾನಿಸಿದೆ. ಕೋರ್ಟ್ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಕೇಳಿ ಪಡೆಯಬೇಕು. ಸುಮ್ನೆ 30 ದಿನ ಕಾದು ಕೊಡಲಾಗದು ಎಂಬ ಹಿಂಬರಹ ತೆಗೆದುಕೊಳ್ಳುವುದು ಯಾಕೆ?

ಉತ್ತರ: ನಿವೃತ್ತ ಕೋರ್ಟ್ ನೌಕರ, ಮೈಸೂರು

ತಾಯಿ, ನಿಮ್ಮ ಅಜ್ಜಿ ನಿಮಗೆ ಊರಿನ ಹೆಸರನ್ನು ಹೇಳಿಯೇ ಬಿಟ್ಟಿದ್ದಾರೆ. ಪಟ್ಣ ಅಂದರೆ ಶ್ರೀರಂಗಪಟ್ಟಣ. ನಮ್ಮ ಕಡೆ ಹಳಬರು ಮಂಡ್ಯವನ್ನು ಮಂಡ್ಯ ಅಂತಲೇ ಕರೆಯೋದು. ಮೊದಲು ಶ್ರೀರಂಗಪಟ್ಟಣದ ಕೋರ್ಟಿಗೆ ಹೋಗಿ. ಅಲ್ಲಿ ಮುನ್ಸಿಫ್ ಕೋರ್ಟ್ ಅಂತ ಬೋರ್ಡ್ ಹುಡುಕಬೇಡಿ. ಆ ಹೆಸರು ಹೋಗಿ ಬಹಳ ವರ್ಷ ಆಯಿತು. ಈಗ ಸಿವಿಲ್ ನ್ಯಾಯಾಧೀಶರು, ಕಿರಿಯ ಶ್ರೇಣಿ ಅಂತ ಇರುತ್ತದೆ.

ನಾನು 31 ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ 9 ವರ್ಷ ರೆಕಾರ್ಡ್ ರೂಮಿನಲ್ಲೇ ಕಳೆದೆ. ಬಟ್ಟೆಯಲ್ಲಿ ಕಟ್ಟಿದ ಕಟ್ಟುಗಳು ಸೂರಿನ ತನಕ ಇರುತ್ತವೆ. ಹೆಸರು ಹೇಳಿದರೆ ಅಲ್ಲಿ ಯಾರೂ ಏನೂ ತೆಗೆದುಕೊಡಲಾರರು. ಅದು ಸೋಮಾರಿತನ ಅಲ್ಲ. ಕಟ್ಟುಗಳನ್ನು ಜೋಡಿಸಿರುವುದೇ ನಂಬರಿನ ಮೇಲೆ. ಹಾಗಾಗಿ ಕಾಗದ ಕೇಳುವ ಮುಂಚೆ ನಂಬರ್ ಹುಡುಕಬೇಕು. ನಂಬರ್ ಇರುವುದು ದಾವೆಗಳ ರಿಜಿಸ್ಟರಿನಲ್ಲಿ.

ನಿಮ್ಮ ಹತ್ತಿರ ವರ್ಷ ಇದೆ, ಅದು ದೊಡ್ಡ ವಿಷಯ. ಓರೆಗೆರೆಯ ಮುಂದಿನ 82 ಅಂದರೆ ಕೇಸು ಹಾಕಿದ ವರ್ಷ, ತೀರ್ಪಿನ ವರ್ಷ ಅಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. 1982ರ ದಾವೆ ರಿಜಿಸ್ಟರ್ ನೋಡಿ ನಂಬರ್ ಹೇಳಬೇಕು ಅಂತ ಒಂದು ಹುಡುಕಾಟದ ಅರ್ಜಿ ಬರೆಯಿರಿ. ಅಜ್ಜ ಮತ್ತು ಅವರ ಅಣ್ಣತಮ್ಮಂದಿರ ಹೆಸರು, ಮುತ್ತಜ್ಜನ ಹೆಸರು, ಗ್ರಾಮ, ಹೋಬಳಿ, ಪಹಣಿಯಲ್ಲಿರುವ ಸರ್ವೆ ನಂಬರ್ ಎಲ್ಲಾ ಹಾಕಿ. ಗೆದ್ದಲು ತಿಂದ ಆ ಕಾಗದದ ಜೆರಾಕ್ಸ್ ಕೂಡ ಲಗತ್ತಿಸಿ. ಮೂಲ ಮಾತ್ರ ಯಾರ ಕೈಗೂ ಕೊಡಬೇಡಿ.

ರಿಜಿಸ್ಟರಿನಲ್ಲಿ ಆ ಸಾಲು ಸಿಕ್ಕಿದಾಗ ನಂಬರ್ ಬರೆದುಕೊಂಡು ಎದ್ದು ಬರಬೇಡಿ. ಸಾಲಿನ ಕೊನೆ ತನಕ ಓದಿಸಿ. ವಿಲೇವಾರಿ ದಿನಾಂಕ ಇರುತ್ತದೆ. ಅಪೀಲಿಗೆ ಒಂದು ಕಾಲಂ, ಅಮಲ್ಜಾರಿಗೆ, ಅಂದರೆ ಡಿಕ್ರಿ ಜಾರಿ ಮಾಡಿಸುವುದಕ್ಕೆ, ಒಂದು ಕಾಲಂ ಇರುತ್ತದೆ. ಅಪೀಲು ಆಗಿದ್ದರೆ ಕಡತ ಮೇಲಿನ ಕೋರ್ಟಿಗೆ ಹೋಗಿರುತ್ತದೆ. ಎರಡನೇ ಅಪೀಲು ಆಗಿದ್ದರೆ ಬೆಂಗಳೂರಿನ ಹೈಕೋರ್ಟಿನ ತನಕವೂ ಹೋಗಿರುತ್ತದೆ. ಎಲ್.ಸಿ.ಆರ್. ವಾಪಸ್ ಬಂದಿದೆಯಾ ಅಂತ ಕೇಳಿ. ಕೆಳಗಿನ ಕೋರ್ಟಿನ ಕಡತಕ್ಕೆ ಅಲ್ಲಿ ಹಾಗೇ ಹೇಳೋದು. ಕಡತ ಇಲ್ಲ ಎಂಬ ಉತ್ತರ ಸಿಕ್ಕ ಎಷ್ಟೋ ಕೇಸಿನಲ್ಲಿ ಅದು ಕಳೆದಿರಲಿಲ್ಲ, ಮೇಲೆ ಇತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಇನ್ನು ನಕಲು. ಕಾಪಿ ಅರ್ಜಿ ಬೇರೆ, ಅದು ನಕಲು ಶಾಖೆಗೆ ಹೋಗುತ್ತದೆ. ತೀರ್ಪು ಮತ್ತು ಡಿಕ್ರಿ ಎರಡನ್ನೂ ಕೇಳಿ. ತೀರ್ಪಿನಲ್ಲಿ ಕಾರಣ ಇರುತ್ತದೆ. ಯಾರಿಗೆ ಎಷ್ಟು ಪಾಲು, ಯಾವ ಜಮೀನು ಅನ್ನುವುದು ಡಿಕ್ರಿಯಲ್ಲಿ. ತಾಲೂಕು ಕಚೇರಿಯವರು ಕೇಳುವುದು ಅದನ್ನೇ. ದಾವಾ ಪತ್ರ ಮತ್ತು ಅದರ ಷೆಡ್ಯೂಲನ್ನೂ, ಅಂದರೆ ಆಸ್ತಿಯ ಪಟ್ಟಿಯನ್ನೂ ಸೇರಿಸಿ, ಜಮೀನಿನ ಚೆಕ್ಕುಬಂದಿ (ನಾಲ್ಕು ಕಡೆಯ ಗಡಿ) ಅದರಲ್ಲಿರುತ್ತದೆ. ನೀವು ಪಾರ್ಟಿಯ ವಾರಸುದಾರರು. ಅಜ್ಜನ ಮತ್ತು ಅಪ್ಪನ ಮರಣ ಪತ್ರ, ವಂಶವೃಕ್ಷ ಲಗತ್ತಿಸಿ. ಪೂರ್ತಿ ಹೊರಗಿನವರಾದರೆ ಯಾಕೆ ಬೇಕು ಅಂತ ಪ್ರಮಾಣಪತ್ರ ಬರೆದು ಜಡ್ಜ್ ಅವರ ಆದೇಶ ಪಡೆಯಬೇಕಾಗುತ್ತದೆ.

ಅರ್ಜಿ ಕೊಟ್ಟು ಊರಿಗೆ ಹೋಗಿ ಸುಮ್ನೆ ಕೂರಬೇಡಿ. ನಕಲಿನ ಶುಲ್ಕ ಎಷ್ಟು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಹೇಳಿದ ದಿನದೊಳಗೆ ಕಟ್ಟದಿದ್ದರೆ ಅರ್ಜಿ ವಜಾ ಆಗುತ್ತದೆ. ದೂರದಿಂದ ಬರುವವರ ಅರ್ಜಿ ಹೀಗೆ ಹೋಗುವುದನ್ನು ನೋಡಿ ನನಗೆ ಬಹಳ ಸಂಕಟ ಆಗುತ್ತಿತ್ತು. ಒಬ್ಬ ವಕೀಲರ ಗುಮಾಸ್ತರನ್ನು ಪರಿಚಯ ಮಾಡಿಕೊಂಡು ಬೋರ್ಡ್ ನೋಡಲು ಹೇಳಿ.

40 ವರ್ಷ ಹಳೆಯ ಕೇಸು ಅಂದಮೇಲೆ ಎಲ್ಲಾ ಕಾಗದ ಉಳಿದಿರುತ್ತದೆ ಅಂತ ತಿಳಿಯಬೇಡಿ. ಹಳೆಯ ಕಾಗದ ನಾಶ ಮಾಡಲು 1917ರಷ್ಟು ಹಿಂದಿನ ಕಾಯ್ದೆಯೇ ಇದೆ. ಸಾಕ್ಷಿಗಳ ಹೇಳಿಕೆ, ಸಣ್ಣಪುಟ್ಟ ಅರ್ಜಿ ಮೊದಲು ಹೋಗುತ್ತವೆ, ತೀರ್ಪು ಮತ್ತು ಡಿಕ್ರಿಯನ್ನು ಜೋಪಾನವಾಗಿ ಇಡುತ್ತಾರೆ. ಅಜ್ಜ ಹಳೆಯ ಕ್ರಯಪತ್ರ ಏನಾದರೂ ಹಾಜರು ಮಾಡಿದ್ದರೆ ಅದನ್ನು ವಾಪಸ್ ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 13, ರೂಲ್ 9ರಲ್ಲಿ ಅವಕಾಶ ಇದೆ.

ಒಂದು ಮಾತು ಬಿಟ್ಟೆ. ಮುಂದೆ ಯಾವತ್ತಾದರೂ ಮುತ್ತಜ್ಜನ ಕಾಲದ ಕಾಗದ ಬೇಕಾದರೆ ನೆನಪಿರಲಿ. 1939ರ ಜುಲೈ 1ಕ್ಕೆ ಮುಂಚೆ ಮಂಡ್ಯ ಅಂತ ಜಿಲ್ಲೆಯೇ ಇರಲಿಲ್ಲ, ಎಲ್ಲಾ ಮೈಸೂರು ಜಿಲ್ಲೆ. ಪಾಂಡವಪುರಕ್ಕೂ ಹಳೇ ದಾಖಲೆಗಳಲ್ಲಿ ಹಿರೋಡೆ, ಫ್ರೆಂಚ್ ರಾಕ್ಸ್ ಅಂತ ಹೆಸರು. ಪಾಂಡವಪುರ ಅಂತ ಹುಡುಕಿದರೆ ಸಿಗುವುದಿಲ್ಲ.

ಉತ್ತರ: ಮಳವಳ್ಳಿ ರೈತ

ನಮ್ಮ ಮನೆಯ ಅನುಭವ ಹೇಳುತ್ತೇನೆ. ನಮ್ಮಪ್ಪ ಕೋರ್ಟಿನಲ್ಲಿ ಜಮೀನು ಆಯಿತು ಅಂತಿದ್ದರು. ನಾವು ಎರಡು ವರ್ಷ ಕೋರ್ಟ್ ಸುತ್ತಿದೆವು. ಕೊನೆಗೆ ನೋಡಿದರೆ ಅದು ಕೋರ್ಟೇ ಅಲ್ಲ, ಭೂ ನ್ಯಾಯಮಂಡಳಿ. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕುತ್ತಿದ್ದರಲ್ಲ, ಅದು. ಆ ಕಡತ ಇದ್ದದ್ದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಖಾತೆ ತಕರಾರಿನ ಅಪೀಲು ಆದರೆ ಎಸಿ (ಉಪವಿಭಾಗಾಧಿಕಾರಿ) ಕಚೇರಿ, ನಿಮಗೆ ಅದು ಪಾಂಡವಪುರದಲ್ಲೇ ಇದೆ. ನಿಮ್ಮದರಲ್ಲಿ ಓ.ಎಸ್. ಅಂತ ಸ್ಪಷ್ಟವಾಗಿ ಇರುವುದರಿಂದ ಸಿವಿಲ್ ಕೋರ್ಟೇ ಸರಿ. ಬೇರೆಯವರು ಓದಿದರೆ ಉಪಯೋಗ ಆಗಲಿ ಅಂತ ಬರೆದೆ.

ಮೇಲುಕೋಟೆ ಕಡೆಯವಳು

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಸರ್, ಪಟ್ಣವೇ ಆಗಿತ್ತು. ಜಕ್ಕನಹಳ್ಳಿಯಿಂದ ಬಸ್ ಹಿಡಿದು ಹೋದೆ. ರಿಜಿಸ್ಟರಿನಲ್ಲಿ ನಮ್ಮ ದೊಡ್ಡಜ್ಜನ ಹೆಸರು ನೋಡಿದಾಗ ಕೈ ನಡುಗಿತು. ನೀವು ಹೇಳಿದ ಹಾಗೆ ಸಾಲಿನ ಕೊನೆ ತನಕ ಓದಿಸಿದೆ. ತೀರ್ಪು ಆಗಿರುವುದು 1987ರಲ್ಲಿ. ಅಪೀಲಿನ ಕಾಲಂ ಖಾಲಿ. ಅಮಲ್ಜಾರಿ ಕಾಲಂ ಕೂಡ ಖಾಲಿ. ಸೀಲ್ ಹಾಕಿದ ತೀರ್ಪು ಮತ್ತು ಡಿಕ್ರಿ ಮೂರನೇ ಸಲ ಹೋದಾಗ ಕೈಗೆ ಸಿಕ್ಕಿತು. ಹುಡುಕಾಟಕ್ಕೂ ನಕಲಿಗೂ ಕಟ್ಟಿದ ಶುಲ್ಕ ಎಲ್ಲಾ ಸೇರಿಸಿದರೂ ನನ್ನ ಬಸ್ ಚಾರ್ಜಿಗಿಂತ ಕಡಿಮೆ.

ಮನೆಗೆ ಬಂದು ಷೆಡ್ಯೂಲ್ ಓದಿದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ ಅಂತ ಓದುವಾಗಲೇ ಅಜ್ಜಿ "ಹುಣಸೆಮರದ ಹೊಲ" ಅಂದರು.

ಆದರೆ ಡಿಕ್ರಿಯ ತಲೆಯಲ್ಲಿ ಪ್ರಾಥಮಿಕ ಡಿಕ್ರಿ ಅಂತ ಇದೆ. ಇದರಿಂದ ಖಾತೆ ಆಗುವುದಿಲ್ಲ ಅನ್ನುತ್ತಿದ್ದಾರೆ. ಇಷ್ಟು ವರ್ಷ ಆಗಿದೆ, ಕಾಲ ಮೀರಿ ಹೋಯಿತಾ?

ಉತ್ತರ: ಮದ್ದೂರಿನ ವಕೀಲ

ಮೀರಿಲ್ಲ. ಪ್ರಾಥಮಿಕ ಡಿಕ್ರಿ ಅಂದರೆ ಮೂರರಲ್ಲಿ ಒಂದು ಪಾಲು ಅಂತ ಹೇಳಿದೆ ಅಷ್ಟೆ. ಯಾವ ತುಂಡು ಯಾರಿಗೆ ಅಂತ ಅಳತೆ ಮಾಡಿ ಕೊಡುವುದು ಅಂತಿಮ ಡಿಕ್ರಿ. ಅದಕ್ಕೆ ಎಫ್.ಡಿ.ಪಿ., ಅಂದರೆ ಅಂತಿಮ ಡಿಕ್ರಿಯ ಅರ್ಜಿ, ಹಾಕಬೇಕು. ಭಾಗದ ಕೇಸಿನಲ್ಲಿ ಅದಕ್ಕೆ ಕಾಲಮಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ವಕೀಲರ ಫೀಸಿಗೆ ಹೆದರಬೇಡಿ. ಅದೇ ಕೋರ್ಟ್ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕು. ಹೋಗುವ ಮುಂಚೆ 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು.

ಉತ್ತರ: ನಿವೃತ್ತ ಕೋರ್ಟ್ ನೌಕರ, ಮೈಸೂರು

ಬಹಳ ಸಂತೋಷ ಆಯಿತು ತಾಯಿ. ಆ ಸೀಲ್ ನಕಲನ್ನು ನಾಲ್ಕು ಜೆರಾಕ್ಸ್ ಮಾಡಿಸಿಡಿ. ಎಫ್.ಡಿ.ಪಿ.ಗೆ ಮೂರೂ ಮನೆಯವರ ವಾರಸುದಾರರ ಹೆಸರು, ವಿಳಾಸ ಬೇಕಾಗುತ್ತದೆ, ಬೆಂಗಳೂರಿಗೆ ಹೋಗಿ ಸೇರಿದವರದ್ದೂ ಸೇರಿ. ನಿಮ್ಮ ಸೋದರತ್ತೆಯರ ಹೆಸರನ್ನು ಬಿಡಬೇಡಿ. ಅಂತಿಮ ಡಿಕ್ರಿ ಆಗುವ ತನಕ ಪಾಲಿನ ಲೆಕ್ಕ ತಿದ್ದಬಹುದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳ ಪರವಾಗಿ ಹೇಳಿದೆ. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಈಗಲೇ ಅಜ್ಜಿಯ ಪಕ್ಕ ಕೂತು ಬರೆದುಕೊಳ್ಳಿ.